ಅಟ್ಟದ ಮೇಲಿನ ಕೊಳಗ ಗಾಜಿನ ಪೆಟ್ಟಿಗೆಗೆ ಬರುವ ಮುನ್ನ

ಶೃಂಗೇರಿಯ ಸಮೀಪದ ಮೆಣಸೆ ಹೊರಗಿನವರಿಗೆ ಪರಿಚಿತವಾಗಿರುವುದು ಅಲ್ಲಿನ ಸಂಸ್ಕೃತ ವಿದ್ಯಾಕೇಂದ್ರದಿಂದ. ಊರಿನವರಿಗಾದರೋ ಮೆಣಸೆ ಎಂದರೆ ಅಡಿಕೆ ತೋಟ, ಗದ್ದೆ ಮತ್ತು ಬಿಡದೆ ಸುರಿಯುವ ಮಳೆ. ಈ ಸೀಮೆಯ ಹಳೆಯ ಮನೆಗಳ ಅಟ್ಟ ಹತ್ತಿದರೆ ಮರದ ಕೊಳಗ, ಹಿತ್ತಾಳೆಯ ಸೇರು, ತುಕ್ಕು ಹಿಡಿದ ಮೆಟ್ಟುಗತ್ತಿ, ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟು ಕಣ್ಣಿಗೆ ಬೀಳುವುದುಂಟು. ಮನೆ ರಿಪೇರಿಯಾದಾಗ ಇವುಗಳಲ್ಲಿ ಎಷ್ಟೋ ಗುಜರಿಗೆ ಹೋಗುತ್ತವೆ. ಅಂಥದೇ ಒಂದು ಕೊಳಗವನ್ನು ನಗರದ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಕಂಡಾಗ ಅದೇ ಮನೆಯ ಮಕ್ಕಳು ಬೆರಗಾಗಿ ನಿಲ್ಲುತ್ತಾರೆ! ಹಾಗಾದರೆ ಈ ಎರಡು ಕೊಳಗಗಳ ನಡುವೆ ಇರುವ ವ್ಯತ್ಯಾಸವೇನು?

ಸಂಖ್ಯೆಯೇ ಜನ್ಮಪತ್ರಿಕೆ

ವ್ಯತ್ಯಾಸ ಗಾಜಿನಲ್ಲಿಲ್ಲ, ದಾಖಲೆಯಲ್ಲಿದೆ. ಸಂಗ್ರಹಾಲಯಕ್ಕೆ ವಸ್ತುವೊಂದು ಬಂದೊಡನೆ ಅದಕ್ಕೊಂದು ಸಂಖ್ಯೆ ಕೊಡುತ್ತಾರೆ. ಬಂದ ವರ್ಷ ಮತ್ತು ಆ ವರ್ಷದ ಕ್ರಮಾಂಕ ಸೇರಿಸಿ ಬರೆಯುವುದು ಸಾಮಾನ್ಯ ರೂಢಿ. ಆ ಸಂಖ್ಯೆಯ ಮುಂದೆ ವಸ್ತುವಿನ ಹೆಸರು, ಅಳತೆ, ಯಾವುದರಿಂದ ಮಾಡಿದ್ದು, ಯಾವ ಊರಿನದು, ಯಾರು ಕೊಟ್ಟರು, ಯಾವ ಕೆಲಸಕ್ಕೆ ಬಳಸುತ್ತಿದ್ದರು, ಈಗ ಯಾವ ಸ್ಥಿತಿಯಲ್ಲಿದೆ ಎಂಬುದೆಲ್ಲ ದಾಖಲಾಗುತ್ತದೆ. ಜೊತೆಗೆ ಛಾಯಾಚಿತ್ರವೂ ಇರುತ್ತದೆ. ಇಷ್ಟಿಲ್ಲದಿದ್ದರೆ ಕೊಳಗ ಬರಿಯ ಹಳೆಯ ಮರದ ಪಾತ್ರೆ. ಇಷ್ಟಿದ್ದರೆ ಅದು ಒಂದು ಕಾಲದ ಅಳತೆ, ಗೇಣಿ, ವ್ಯಾಪಾರಗಳಿಗೆ ಸಾಕ್ಷಿ.

ತೆರೆಮರೆಯ ಕೆಲಸಗಾರರು

ಟಿಕೆಟ್ ಕೊಡುವವರು ಮತ್ತು ಕಾವಲುಗಾರರು ಮಾತ್ರ ನೋಡುಗರ ಕಣ್ಣಿಗೆ ಬೀಳುತ್ತಾರೆ. ಆದರೆ ಅವರ ಹಿಂದೆ ಒಂದು ದೊಡ್ಡ ಬಳಗವೇ ಇರುತ್ತದೆ. ಯಾವ ವಸ್ತುವನ್ನು ಸೇರಿಸಿಕೊಳ್ಳಬೇಕು, ಅದನ್ನು ಹೇಗೆ ವಿವರಿಸಬೇಕು ಎಂದು ನಿರ್ಧರಿಸುವವರು ಕ್ಯುರೇಟರ್. ದಾಖಲೆ ಪುಸ್ತಕ ರಿಜಿಸ್ಟ್ರಾರ್ ಕೈಯಲ್ಲಿರುತ್ತದೆ. ಹುಳು, ತುಕ್ಕು, ಬೂಷ್ಟುಗಳಿಂದ ವಸ್ತುವನ್ನು ಕಾಪಾಡುವ ಹೊಣೆ ಸಂರಕ್ಷಣಾ ತಜ್ಞರದು. ಶಾಲಾ ಮಕ್ಕಳಿಗೆ ಅರ್ಥವಾಗುವಂತೆ ಹೇಳಲು ಶಿಕ್ಷಣಾಧಿಕಾರಿ, ಮಾರ್ಗದರ್ಶಕರು ಇರುತ್ತಾರೆ. ಚಿಕ್ಕ ಸಂಗ್ರಹಾಲಯಗಳಲ್ಲಿ ಈ ಎಲ್ಲ ಕೆಲಸ ಒಬ್ಬಿಬ್ಬರ ಮೇಲೆಯೇ ಬೀಳುವುದೂ ಉಂಟು. ದೊಡ್ಡ ಸಂಗ್ರಹಾಲಯಗಳಲ್ಲಿ ಜನ ನೋಡುವುದು ಸಂಗ್ರಹದ ಒಂದು ಸಣ್ಣ ಪಾಲನ್ನು ಮಾತ್ರ. ಉಳಿದದ್ದು ಉಗ್ರಾಣದಲ್ಲಿ ಭದ್ರವಾಗಿರುತ್ತದೆ.

ವಿಜ್ಞಾನ ಸಂಗ್ರಹಾಲಯಗಳ ರೀತಿಯೇ ಬೇರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಕಟ್ಟಡವನ್ನು 1962ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಕೋಲ್ಕತ್ತದಲ್ಲಿ ಕೇಂದ್ರ ಕಚೇರಿಯುಳ್ಳ, 1978ರಲ್ಲಿ ರೂಪುಗೊಂಡ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಳಿ ಇದನ್ನು ನಡೆಸುತ್ತದೆ. 'ಮುಟ್ಟಬೇಡಿ' ಎನ್ನುವ ಬದಲು 'ಗುಂಡಿ ಒತ್ತಿ ನೋಡಿ' ಎನ್ನುವುದು ಇಲ್ಲಿನ ಪದ್ಧತಿ. ಸಾವಿರಾರು ಕೈಗಳು ಒತ್ತಿದಾಗ ಯಂತ್ರ ಕೆಡುವುದು ಸಹಜ. ಆದ್ದರಿಂದ ಇಂಥ ಕಡೆ ತಂತ್ರಜ್ಞರೂ ಕಾರ್ಯಾಗಾರವೂ ಇರಲೇಬೇಕು. ನಗರಕ್ಕೆ ಬರಲಾಗದ ಮಕ್ಕಳಿಗಾಗಿ ಬಸ್ಸಿನಲ್ಲಿ ಪ್ರದರ್ಶನ ಹೊತ್ತು ಹಳ್ಳಿಗಳಿಗೆ ಹೋಗುವ ಸಂಚಾರಿ ವ್ಯವಸ್ಥೆಯೂ ಈ ಮಂಡಳಿಯದಾಗಿದೆ.

ನೆರೆಯ ಕವಿಮನೆ

ಮೆಣಸೆಯ ವಿದ್ಯಾರ್ಥಿಗಳು ಅಷ್ಟು ದೂರ ಹೋಗಬೇಕಿಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು ಬೆಳೆದ ಕುಪ್ಪಳಿಯ ಮನೆ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇದೆ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಈ ತೊಟ್ಟಿಮನೆಯನ್ನು ಸ್ಮಾರಕ ಸಂಗ್ರಹಾಲಯವಾಗಿ ಉಳಿಸಿಕೊಂಡು ಬಂದಿದೆ. ಮಲೆನಾಡಿನ ಮನೆಬಳಕೆಯ ಸಾಮಾನುಗಳೂ ಅಲ್ಲಿವೆ. ಆದರೆ ತೆರೆದಿಡುವುದೆಂದರೆ ಅಪಾಯಕ್ಕೂ ಒಡ್ಡಿಕೊಳ್ಳುವುದೇ. 2015ರ ನವೆಂಬರ್‌ನಲ್ಲಿ ಇಲ್ಲಿ ಕಳ್ಳತನ ನಡೆದು, ಕವಿಗೆ ಸಂದಿದ್ದ ಪದ್ಮ ಪ್ರಶಸ್ತಿಯ ಪದಕಗಳು ಕಳುವಾದವು. ನಾಡೇ ಮರುಗಿತು. ಜನರಿಗೆ ತೋರಿಸಬೇಕು, ಜೊತೆಗೇ ಕಾಯಬೇಕು. ಸಂಗ್ರಹಾಲಯ ನಡೆಸುವವರ ಕಷ್ಟವೆಲ್ಲ ಈ ಎರಡು ಮಾತುಗಳಲ್ಲಿದೆ.

ಮಳೆಯೆಂಬ ಶತ್ರು

ಕಳ್ಳನಿಗಿಂತ ಸದ್ದಿಲ್ಲದೆ ಬರುವ ಶತ್ರು ತೇವಾಂಶ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65-70ನ್ನು ದಾಟಿದರೆ ಕಾಗದ, ಬಟ್ಟೆ, ಚರ್ಮಗಳ ಮೇಲೆ ಬೂಷ್ಟು ಬೆಳೆಯಲು ಅನುಕೂಲ. ಮಲೆನಾಡಿನ ಮಳೆಗಾಲದಲ್ಲಿ ಈ ಪ್ರಮಾಣ ಶೇಕಡಾ 90ನ್ನೂ ಮೀರುವುದುಂಟು. ಬೆಳಕೂ ನಿರಪಾಯಕಾರಿಯಲ್ಲ, ಕಾಗದ ಮತ್ತು ಬಟ್ಟೆಯ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ರೂಢಿಯ ನಿಯಮ. ಸಂಗ್ರಹಾಲಯದ ಕೋಣೆಗಳು ಮಬ್ಬಾಗಿರುವುದು ಇದಕ್ಕಾಗಿಯೇ. ನಮ್ಮ ಹಿರಿಯರು ಒಲೆಯ ಮೇಲಿನ ಹೊಗೆಯಟ್ಟದಲ್ಲಿ ಬಿದಿರಿನ ಬುಟ್ಟಿಗಳನ್ನು ಇಡುತ್ತಿದ್ದುದರ ಹಿಂದೆ ಇದೇ ವಿಜ್ಞಾನವಿದೆ. ಬಿಸಿಯಿಂದ ತೇವ ಇಳಿಯುತ್ತದೆ, ಹೊಗೆಗೆ ಹುಳು ದೂರವಾಗುತ್ತದೆ. ಓಲೆಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರುವ ಪದ್ಧತಿಯೂ ಇಂಥದೇ.

ಕಾಪಾಡಿದ್ದರ ಫಲವೇನೆಂಬುದಕ್ಕೆ ಮೈಸೂರಿನಲ್ಲೇ ನಿದರ್ಶನವಿದೆ. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ತಾಳೆಗರಿಯಲ್ಲಿ, ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಪಂಡಿತರು ಒಪ್ಪಿಸದಿದ್ದರೆ, ಶಾಸ್ತ್ರಿಗಳು ಓದದಿದ್ದರೆ, ಆ ಕಟ್ಟೂ ಯಾವುದೋ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗಿರುತ್ತಿತ್ತೋ ಏನೋ!

ಬೆಂಕಿ ಕಲಿಸಿದ ಪಾಠ

ಎಷ್ಟು ಎಚ್ಚರವಿದ್ದರೂ ಸಾಲದು. ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ 2016ರ ಏಪ್ರಿಲ್ 26ರಂದು ಬೆಂಕಿಗೆ ಆಹುತಿಯಾಯಿತು. ಬ್ರೆಜಿಲ್ ದೇಶದ ರಿಯೊ ನಗರದಲ್ಲಿ 1818ರಲ್ಲಿ ಸ್ಥಾಪನೆಯಾಗಿದ್ದ ರಾಷ್ಟ್ರೀಯ ಸಂಗ್ರಹಾಲಯ 2018ರ ಸೆಪ್ಟೆಂಬರ್ 2ರ ರಾತ್ರಿ ಉರಿದುಹೋಯಿತು. ಅದರಲ್ಲಿದ್ದ ಸುಮಾರು ಎರಡು ಕೋಟಿ ವಸ್ತುಗಳಲ್ಲಿ ಬಹುಪಾಲು ಬೂದಿಯಾದವು. ಆಗ ಅಲ್ಲಿನ ವಿದ್ಯಾರ್ಥಿಗಳೇ ಮುಂದಾಗಿ, ಹಿಂದೆ ಭೇಟಿ ನೀಡಿದ್ದವರು ತೆಗೆದ ಛಾಯಾಚಿತ್ರಗಳನ್ನು ಕಳುಹಿಸುವಂತೆ ಸಾರ್ವಜನಿಕರನ್ನು ಕೋರಿದರು. ವಸ್ತು ಹೋದರೂ ದಾಖಲೆಯಾದರೂ ಉಳಿಯಲಿ ಎಂಬುದು ಅವರ ಆಸೆ.

ಶಾಲೆಯಿಂದಲೇ ಆರಂಭ

ಈ ಕ್ಷೇತ್ರದಲ್ಲಿ ಉದ್ಯೋಗಕ್ಕೂ ಅವಕಾಶವಿದೆ. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಿಂದಲೂ ಸಂಗ್ರಹಾಲಯ ಶಾಸ್ತ್ರ ಕಲಿಸಲಾಗುತ್ತಿದೆ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಇತಿಹಾಸ ಓದಿದವರಷ್ಟೇ ಅಲ್ಲ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೂ ಇಲ್ಲಿ ಕೆಲಸವುಂಟು.

ಆದರೆ ಮೊದಲ ಪಾಠಕ್ಕೆ ಪದವಿ ಬೇಕಿಲ್ಲ, ಒಂದು ನೋಟ್ ಪುಸ್ತಕ ಸಾಕು. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಶಾಲೆಗೆ ರಜೆಯಿರುವ ಆ ದಿನಗಳಲ್ಲಿ ಮಕ್ಕಳು ಅಟ್ಟದ ಸಾಮಾನುಗಳಿಗೆ ಸಂಖ್ಯೆ ಕೊಟ್ಟು, ಅಜ್ಜ ಅಜ್ಜಿಯರನ್ನು ಕೇಳಿ ಅವುಗಳ ಹೆಸರು, ಉಪಯೋಗ ಬರೆದಿಟ್ಟುಕೊಳ್ಳಬಹುದು. ಸಂಖ್ಯೆಯನ್ನು ವಸ್ತುವಿನ ಮೇಲೆ ಕೊರೆಯದೆ ಚೀಟಿಯಲ್ಲಿ ಬರೆದು ದಾರದಿಂದ ಕಟ್ಟುವುದು ಕ್ಷೇಮ. ಗುಜರಿಯವನನ್ನು ಕರೆಯುವ ಮುನ್ನ ಪೋಷಕರು ಮಕ್ಕಳಿಗೆ ಇಷ್ಟು ಅವಕಾಶ ಕೊಟ್ಟರೆ ಸಾಕು. ಕೊಳಗ ಮುಂದೊಂದು ದಿನ ಸಿಕ್ಕರೂ ಸಿಕ್ಕೀತು. ಅದರಲ್ಲಿ ಭತ್ತ ಅಳೆದ ಅಜ್ಜಿಯ ಮಾತು ಮಾತ್ರ ಇಂದು ಬರೆದುಕೊಳ್ಳದಿದ್ದರೆ ಮತ್ತೆ ಸಿಗದು.