ಗರಡಿಮನೆಯ ಪಾಠ: ಊರಿನ ಈ-ಸ್ಪೋರ್ಟ್ಸ್ ತಂಡವೊಂದು ಸಂಸ್ಥೆಯಾಗಿ ಬೆಳೆಯುವುದು ಹೇಗೆ?

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಕರಾವಳಿಯ ನಮಗೆ ದೂರದ ಊರುಗಳು. ಕಬ್ಬಿನ ಗದ್ದೆ, ನೇಕಾರರ ಮಗ್ಗ, ಮುಧೋಳದ ಬೇಟೆನಾಯಿ, ಜಾತ್ರೆಯ ಕುಸ್ತಿ ಇವು ಅಲ್ಲಿನ ಗುರುತುಗಳು. ಆದರೆ ಒಂದು ವಿಷಯದಲ್ಲಿ ಆ ಊರುಗಳ ಮನೆಗಳಿಗೂ ನಮ್ಮ ಮನೆಗಳಿಗೂ ವ್ಯತ್ಯಾಸವಿಲ್ಲ. ಮಕ್ಕಳ ಕೈಯಲ್ಲಿ ಮೊಬೈಲ್, ಮೊಬೈಲಿನಲ್ಲಿ ಆಟ. ಹೆತ್ತವರು ಇದನ್ನು ಕಾಲಹರಣ ಎನ್ನುತ್ತಾರೆ. ಮಕ್ಕಳು ಈ-ಸ್ಪೋರ್ಟ್ಸ್ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಯಾವಾಗ ಯಾವುದು ಸತ್ಯ ಎಂದು ತಿಳಿಯುವುದು ಮುಖ್ಯ.

ಈ-ಸ್ಪೋರ್ಟ್ಸ್ ಎಂದರೇನು?

ಒಬ್ಬನೇ ಕುಳಿತು ಗಂಟೆಗಟ್ಟಲೆ ಆಡುವುದು ಈ-ಸ್ಪೋರ್ಟ್ಸ್ ಅಲ್ಲ. ನಿಯಮ, ತೀರ್ಪುಗಾರರು, ನಿಗದಿತ ಸಮಯ, ತಂಡ ಇವೆಲ್ಲ ಇದ್ದು, ಕೌಶಲದಿಂದ ಗೆಲುವು ನಿರ್ಧಾರವಾಗುವ ಸ್ಪರ್ಧೆಗೆ ಆ ಹೆಸರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇದು ಪ್ರದರ್ಶನ ಕ್ರೀಡೆಯಾಗಿತ್ತು. ಗುಜರಾತಿನ ಭುಜ್ ಪಟ್ಟಣದ ತೀರ್ಥ್ ಮೆಹ್ತಾ ಅಲ್ಲಿ ಹಾರ್ತ್‌ಸ್ಟೋನ್ ಆಟದಲ್ಲಿ ಕಂಚು ಗೆದ್ದರು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಇದನ್ನು ಬಹುಕ್ರೀಡಾ ಕೂಟಗಳ ಭಾಗವೆಂದು ಮಾನ್ಯ ಮಾಡಿ ಕ್ರೀಡಾ ಇಲಾಖೆಯ ವ್ಯಾಪ್ತಿಗೆ ತಂದಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಇದು ಪದಕ ಕ್ರೀಡೆಯಾಯಿತು.

ಸಣ್ಣದರಿಂದ ದೊಡ್ಡದು

ದೊಡ್ಡ ಸಂಸ್ಥೆಗಳು ಹುಟ್ಟಿದ್ದು ಗೆಳೆಯರ ಗುಂಪುಗಳಿಂದ. ಜರ್ಮನಿಯಲ್ಲಿ 1997ರಲ್ಲಿ ಹವ್ಯಾಸಿ ತಂಡಗಳಿಗಾಗಿ ಒಂದು ಲೀಗ್ ಆರಂಭವಾಯಿತು. 2000ದಲ್ಲಿ ಅದರಿಂದ ಇ.ಎಸ್.ಎಲ್. ಎಂಬ ಸಂಸ್ಥೆ ಬೆಳೆಯಿತು. ಮುಂದೆ ಅದು ಕೊಲೋನ್ ನಗರದ ದೊಡ್ಡ ಕ್ರೀಡಾಂಗಣದಲ್ಲಿ ಪಂದ್ಯ ನಡೆಸುವಷ್ಟಾಯಿತು. ನಮ್ಮ ನೆರೆಯ ಚೆನ್ನೈನಲ್ಲಿ ಶಿವ ನಂದಿಯವರು ಕಟ್ಟಿದ ಸ್ಕೈಈಸ್ಪೋರ್ಟ್ಸ್ ಪಂದ್ಯಗಳ ವೀಕ್ಷಕ ವಿವರಣೆಯನ್ನು ತಮಿಳಿನಂಥ ಪ್ರಾದೇಶಿಕ ಭಾಷೆಗಳಲ್ಲೂ ಕೊಟ್ಟು ಜನರನ್ನು ಸೆಳೆಯಿತು.

ಭಾರತದಲ್ಲಿ ಈ ಆಟ ಪಟ್ಟಣಗಳಿಗೆ ಹರಡಲು ಕಾರಣ ಮೊಬೈಲ್. 2016ರ ನಂತರ ಇಂಟರ್ನೆಟ್ ಅಗ್ಗವಾಯಿತು. ದುಬಾರಿ ಕಂಪ್ಯೂಟರ್ ಬೇಕಿಲ್ಲದ ಪಬ್‌ಜಿ ಮೊಬೈಲ್ 2018ರಲ್ಲಿ ಬಂತು. ನಾಲ್ವರು ಸೇರಿದರೆ ಒಂದು ತಂಡ, ಹದಿನಾರು ತಂಡ ಸೇರಿದರೆ ಒಂದು ಪಂದ್ಯ. ಆದರೆ ಪಂದ್ಯ ನಡೆಸಲು ಆಡದವರೂ ಬೇಕು. ಹೆಸರು ನೋಂದಾಯಿಸುವವರು, ಅಂಕ ಬರೆಯುವವರು, ಮೋಸ ಪತ್ತೆ ಮಾಡುವವರು, ಕನ್ನಡದಲ್ಲಿ ವಿವರಣೆ ಕೊಡುವವರು, ಲೆಕ್ಕ ಇಡುವವರು. ಇವರು ಸಿಕ್ಕಿದ ದಿನ ಗುಂಪು ಸಂಸ್ಥೆಯಾಗತೊಡಗುತ್ತದೆ.

ಅಖಾಡ ಯಾರದು?

ಇಲ್ಲಿ ಗರಡಿಮನೆಗೂ ಈ-ಸ್ಪೋರ್ಟ್ಸ್‌ಗೂ ಒಂದು ದೊಡ್ಡ ಅಂತರವಿದೆ. ಕುಸ್ತಿಯ ಕೆಮ್ಮಣ್ಣಿನ ಅಖಾಡ ಊರಿನದು. ಮೊಬೈಲ್ ಆಟ ಒಂದು ಕಂಪೆನಿಯ ಸೊತ್ತು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. ಅದರ ಭಾರತೀಯ ರೂಪವಾದ ಬಿ.ಜಿ.ಎಂ.ಐ. 2021ರಲ್ಲಿ ಬಂತು, 2022ರ ಜುಲೈನಲ್ಲಿ ಮರೆಯಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಿಷೇಧವಾಯಿತು. ಒಂದೇ ಆಟವನ್ನು ನಂಬಿ ಓದನ್ನೂ ಕೆಲಸವನ್ನೂ ಬಿಟ್ಟವನ ಗತಿಯೇನು? ಆದ್ದರಿಂದ ಉಳಿಯುವ ಸಂಸ್ಥೆ ಆಟದ ಮೇಲಲ್ಲ, ಜನರ ಮೇಲೆ ನಿಲ್ಲಬೇಕು. ಗರಡಿಯಲ್ಲಿ ಉಸ್ತಾದರಿದ್ದಾರೆ, ಹೊತ್ತಿಗೆ ಸರಿಯಾದ ಸಾಧನೆಯಿದೆ, ಆಹಾರ ನಿದ್ರೆಗಳ ಶಿಸ್ತಿದೆ. ಈ-ಸ್ಪೋರ್ಟ್ಸ್ ತಂಡಕ್ಕೂ ಅದೇ ಬೇಕು.

ಹಣದ ಆಟ ಬೇರೆ

ಇನ್ನೊಂದು ಎಚ್ಚರಿಕೆ ಅಗತ್ಯ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ರಮ್ಮಿಯಂಥ ಆಟಗಳು ಈ-ಸ್ಪೋರ್ಟ್ಸ್ ಅಲ್ಲ. ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡವನ್ನು ಅದು ವಿಧಿಸುತ್ತದೆ. ಬರೇ ಆಡಿದವರಿಗೆ ಶಿಕ್ಷೆಯಿಲ್ಲ, ಅವರನ್ನು ಕಾಯ್ದೆ ಮೋಸಕ್ಕೊಳಗಾದವರಂತೆ ನೋಡುತ್ತದೆ. ಈ-ಸ್ಪೋರ್ಟ್ಸ್‌ನಲ್ಲಿ ಪ್ರವೇಶ ಶುಲ್ಕವೂ ಬಹುಮಾನವೂ ಇರಬಹುದು, ಬಾಜಿ ಇರಬಾರದು. ಸಾಲ ಮಾಡಿ ಆಡಿದವನು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಮನೆಯವರು ಬೈಯುವ ಮೊದಲು ಅವನ ಮಾತು ಕೇಳಿದರೆ ಒಂದು ಜೀವ ಉಳಿದೀತು.

ನಾವು ಮಾಡಬಹುದಾದದ್ದು

ಯುವ ಸಂಘಟನೆಗಳ ಸಚೇತಕರು ಮಕ್ಕಳನ್ನು ನಾಲ್ಕು ಪ್ರಶ್ನೆ ಕೇಳಬಹುದು. ಯಾವ ಆಟ? ಯಾರ ಜೊತೆ? ಎಷ್ಟು ಹೊತ್ತು? ಹಣ ಕಟ್ಟಬೇಕೇ? ಬಿ.ಜಿ.ಎಂ.ಐ. 2023ರಲ್ಲಿ ಮರಳಿದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿತು. ಪರೀಕ್ಷೆಯ ಮಕ್ಕಳಿಗೆ ಅದೂ ಹೆಚ್ಚೇ. ಆಟದಿಂದ ಜೀವನ ಸಾಗಿಸುವವರು ಬೆರಳೆಣಿಕೆಯವರು. ಆದರೆ ಪಂದ್ಯ ಸಂಘಟಿಸುವುದು, ಲೆಕ್ಕ ಇಡುವುದು, ಸೋಲನ್ನು ಸಹಿಸುವುದು, ಜನರ ಮುಂದೆ ಮಾತನಾಡುವುದು ಇವನ್ನು ಕಲಿತವನು ಜಮಖಂಡಿಯಲ್ಲಿದ್ದರೂ ಮಂಗಳೂರಿನಲ್ಲಿದ್ದರೂ ಬರಿಗೈಯಲ್ಲಿ ಉಳಿಯುವುದಿಲ್ಲ. ಮೊಬೈಲ್ ಕಸಿದುಕೊಳ್ಳುವುದು ಸುಲಭ. ಮಕ್ಕಳ ಬಳಿ ಕುಳಿತು ಕೇಳಲು ತಾಳ್ಮೆ ಬೇಕು.