ನಿದ್ದೆಯಲ್ಲಿ ನಡೆಯುವವರು

ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು ಮೂಲದಲ್ಲಾಗಲಿ, ಡಿ.ವಿ.ಜಿ.ಯವರ ಕನ್ನಡದಲ್ಲಾಗಲಿ ಓದಿರುವ ಮಿತ್ರರು ಐದನೆಯ ಅಂಕದ ಮೊದಲ ದೃಶ್ಯವನ್ನು ಮರೆತಿರಲಾರರು. ನಡುರಾತ್ರಿಯಲ್ಲಿ ರಾಣಿ ದೀಪ ಹಿಡಿದು ನಡೆದುಬರುತ್ತಾಳೆ. ಕಣ್ಣು ತೆರೆದಿದೆ, ಆದರೆ ಆಕೆ ನಿದ್ರಿಸುತ್ತಿದ್ದಾಳೆ. ಮರೆಯಲ್ಲಿ ನಿಂತು ನೋಡುವ ವೈದ್ಯನು, ಈಕೆಗೆ ತನಗಿಂತ ಧರ್ಮಗುರುವೇ ಹೆಚ್ಚು ಅಗತ್ಯವೆನ್ನುತ್ತಾನೆ. ಜೊತೆಗೆ, ಅಪಾಯದ ವಸ್ತುಗಳನ್ನು ಆಕೆಯಿಂದ ದೂರವಿಟ್ಟು ಸದಾ ಕಣ್ಣಿಟ್ಟಿರಬೇಕೆಂದೂ ಹೇಳಿಹೋಗುತ್ತಾನೆ. ಮೊದಲನೆಯ ಮಾತನ್ನು ಇಂದಿನ ವಿಜ್ಞಾನ ಒಪ್ಪದು. ಎರಡನೆಯದನ್ನು ಇಂದಿನ ವೈದ್ಯರೂ ಹೇಳುತ್ತಾರೆ. ನಮ್ಮ ಜನ ಮೊದಲನೆಯದನ್ನೇ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಈ ವಿಷಯವನ್ನು ಬರೆಯಬೇಕೆನಿಸಿತು.

ನಾವಿರುವುದು ಲಗ್ಗೆರೆಯಲ್ಲಿ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು ತುಂಬಿರುವ ಸ್ಥಳ. ನನ್ನ ಅಣ್ಣನೂ ಅಂಥವರಲ್ಲೊಬ್ಬ. ಒಂದು ವಾರ ಹಗಲು, ಒಂದು ವಾರ ರಾತ್ರಿ, ಅದರ ಮೇಲೆ ಓ.ಟಿ. ಆ ಓ.ಟಿ. ಹಣದಲ್ಲಿಯೇ ನನ್ನ ಕಾಲೇಜಿನ ಶುಲ್ಕ ಸಂದಾಯವಾಗುತ್ತದೆ. ಎರಡು ವರ್ಷಗಳಿಂದೀಚೆಗೆ ಆತ ಮಲಗಿದ ಒಂದು ಒಂದೂವರೆ ಗಂಟೆಯಲ್ಲಿ ಎದ್ದು, ಚಿಲಕ ತೆಗೆದು, ಹೊರಗಿನ ಮೆಟ್ಟಿಲ ಮೇಲೆ ಹೋಗುವುದುಂಟು. ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲ. ಗಾಳಿ ಸೋಕಿದೆಯೆಂದು ತಾಯಿಯವರು ಊರಿಗೆ ಹೋಗಿ ಅಂತ್ರ ಕಟ್ಟಿಸಿದರು. ಎಬ್ಬಿಸಿದರೆ ರಕ್ತ ಕಾರಿಕೊಂಡು ಸಾಯುತ್ತಾನೆಂದು ವಠಾರದ ಹಿರಿಯರೊಬ್ಬರು ಎಚ್ಚರಿಸಿದರು. ಅಣ್ಣನಿಗೆ ಹೆಣ್ಣು ನೋಡುತ್ತಿದ್ದ ಕಾಲವಾದ್ದರಿಂದ ವಿಷಯ ಹೊರಗೆ ಬೀಳದಂತೆ ಎಲ್ಲರೂ ಬಾಯಿ ಮುಚ್ಚಿಕೊಂಡೆವು.

ಆದರೆ ಇದು ಅಷ್ಟೊಂದು ಅಪರೂಪದ ಸಂಗತಿಯಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ಮಕ್ಕಳಲ್ಲಿ ಶೇ. 5ರಷ್ಟೂ ವಯಸ್ಕರಲ್ಲಿ ಶೇ. 1.5ರಷ್ಟೂ ಜನ ನಿದ್ದೆಯಲ್ಲಿ ನಡೆಯುತ್ತಾರೆ. ಸಾವಿರ ವಿದ್ಯಾರ್ಥಿಗಳ ಕಾಲೇಜಿಗೆ ಈ ಲೆಕ್ಕ ಹಾಕಿದರೆ ಹದಿನೈದು ಮಂದಿಯಾಯಿತು!

ಇವರು ಕನಸನ್ನೇ ನಟಿಸುತ್ತಾರೆಂದು ಹಿಂದೆ ನಂಬಿದ್ದರು. 1965ರಲ್ಲಿ ಅಮೆರಿಕದ ಸಂಶೋಧಕರು ರಾತ್ರಿಯಿಡೀ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ, ನಡಿಗೆ ಹುಟ್ಟುವುದು ಕನಸಿನ ನಿದ್ದೆಯಲ್ಲಲ್ಲ, ಅತಿ ಗಾಢವಾದ ನಿದ್ದೆಯಲ್ಲಿ ಎಂದು ತೋರಿಸಿದರು. ಗಾಢನಿದ್ದೆ ರಾತ್ರಿಯ ಮೊದಲ ಭಾಗದಲ್ಲಿಯೇ ಹೆಚ್ಚು. ಅಣ್ಣ ಏಳುವ ಹೊತ್ತಿಗೆ ಇದು ಸರಿಯಾಗಿ ಹೊಂದುತ್ತದೆ. ಆ ನಿದ್ದೆಯಿಂದ ಮಿದುಳು ಪೂರ್ತಿಯಾಗಿ ಏಳದೆ ಅರ್ಧಂಬರ್ಧ ಎದ್ದರೆ ಹೀಗಾಗುತ್ತದೆ. 2000ದಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಹದಿನಾರರ ಹುಡುಗನೊಬ್ಬ ಹಾಗೆ ಎದ್ದ ಗಳಿಗೆಯಲ್ಲಿಯೇ ಅವನ ಮಿದುಳಿನ ರಕ್ತಸಂಚಾರವನ್ನು ಚಿತ್ರಿಸಿದ್ದನ್ನು ವರದಿ ಮಾಡಿದರು. ಒಳಭಾಗಗಳು ಕೆಲವು ಚುರುಕಾಗಿದ್ದವು. ವಿವೇಚನೆಗೆ ಬೇಕಾದ ಮುಂಭಾಗ ಮಾತ್ರ ಮಂಕಾಗಿಯೇ ಇತ್ತು. ಕಾಲು ನಡೆಯುತ್ತದೆ, ಕೈ ಚಿಲಕ ತೆಗೆಯುತ್ತದೆ, ಮನೆಯ ಯಜಮಾನ ಮಲಗಿಯೇ ಇದ್ದಾನೆ.

ಹಾಗಾದರೆ ಎಲ್ಲರೂ ಏಕೆ ನಡೆಯುವುದಿಲ್ಲ? ಇದಕ್ಕೆ ವಂಶದ ಒಲವು ಬೇಕು, ಕೆಣಕುವ ಕಾರಣವೂ ಬೇಕು. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಮಕ್ಕಳನ್ನು ಅನೇಕ ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಿಗಳಿಬ್ಬರಿಗೂ ಈ ಅಭ್ಯಾಸವಿಲ್ಲದ ಮಕ್ಕಳಲ್ಲಿ ಶೇ. 22ರಷ್ಟು, ಒಬ್ಬರಿಗಿದ್ದರೆ ಶೇ. 47ರಷ್ಟು, ಇಬ್ಬರಿಗೂ ಇದ್ದರೆ ಶೇ. 61ರಷ್ಟು ಮಂದಿ ಎಂದಾದರೂ ನಡೆದಿದ್ದರು. ಇನ್ನು ಕೆಣಕುವ ಕಾರಣಗಳಲ್ಲಿ ಮುಖ್ಯವಾದುದು ನಿದ್ದೆಗೇಡು. ಅದೇ ದೇಶದ ಮಾಂಟ್ರಿಯಲ್ ನಗರದಲ್ಲಿ, ನಿದ್ದೆಯಲ್ಲಿ ನಡೆಯುವವರನ್ನು 25 ಗಂಟೆ ಎಚ್ಚರವಾಗಿರಿಸಿ ಆಮೇಲೆ ಮಲಗಿಸಿದಾಗ ಅವರು ಏಳುವುದು ಹೆಚ್ಚಾಯಿತೆಂದು 2008ರಲ್ಲಿ ವರದಿಯಾಯಿತು. ರಾತ್ರಿ ಪಾಳಿಯ ದೇಹಕ್ಕೆ ಇದನ್ನು ಪ್ರಯೋಗಶಾಲೆಯಲ್ಲಿ ಕಲಿಸಬೇಕಾಗಿಲ್ಲ. ಜ್ವರ, ಮನಸ್ಸಿನ ಕಳವಳ, ಗೊರಕೆಯ ನಡುವೆ ಉಸಿರು ಕಟ್ಟುವ ಕಾಯಿಲೆ, ಇವೂ ಕಾರಣಗಳೇ. ಕೆಲವು ನಿದ್ದೆಮಾತ್ರೆಗಳೂ ಹಾಗೆಯೇ: ಜೋಲ್ಪಿಡೆಮ್ ಮೊದಲಾದವುಗಳ ಪೊಟ್ಟಣದ ಮಾಹಿತಿಯಲ್ಲಿ ಈ ಅಪಾಯದ ಕಟ್ಟೆಚ್ಚರಿಕೆ ಇರಲೇಬೇಕೆಂದು ಅಮೆರಿಕದ ಔಷಧ ಇಲಾಖೆ 2019ರಲ್ಲಿ ಆಜ್ಞಾಪಿಸಿತು. ನಿದ್ದೆ ಕೆಟ್ಟಿದೆಯೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವವರು ಇದನ್ನು ಗಮನಿಸಬೇಕು.

ಎಬ್ಬಿಸಿದರೆ ಸಾಯುತ್ತಾರೆಂಬುದು ಸುಳ್ಳು. ಆದರೆ ಬಲವಂತವಾಗಿ ಅಲುಗಿಸಿ ಎಬ್ಬಿಸಿದರೆ ಗಾಬರಿಯಿಂದ ಕೊಸರಾಡಬಹುದು, ಹೊಡೆಯಲೂಬಹುದು. ಮೆಲ್ಲಗೆ ಮಾತನಾಡಿಸುತ್ತ ಹಾಸಿಗೆಯತ್ತ ತಿರುಗಿಸುವುದೇ ಸರಿ. ಸಾವಿನ ಭಯವಿರುವುದು ಎಬ್ಬಿಸುವುದರಲ್ಲಲ್ಲ, ಮನೆಯ ಕಟ್ಟಡದಲ್ಲಿ. ನಮ್ಮ ಕಡೆ ಮೂವತ್ತಡಿ ನಿವೇಶನದಲ್ಲಿ ಮೂರು ಅಂತಸ್ತೇರಿಸಿ, ಹೊರಗೆ ಕಡಿದಾದ ಮೆಟ್ಟಿಲಿಟ್ಟು, ತಾರಸಿಗೆ ಗೋಡೆಯನ್ನೇ ಕಟ್ಟದೆ ಬಿಟ್ಟಿರುವ ಮನೆಗಳೆಷ್ಟೋ! ಸಾಧ್ಯವಾದರೆ ಅಂಥವರು ನೆಲಮಹಡಿಯಲ್ಲಿ, ಮಂಚ ಬಿಟ್ಟು ಚಾಪೆಯ ಮೇಲೆ ಮಲಗಬೇಕು. ಸಂಪಿನ ಮುಚ್ಚಳ ಭದ್ರವಾಗಿರಬೇಕು. ಗ್ಯಾಸ್ ಸಿಲಿಂಡರಿನ ತಿರುಪು ಮುಚ್ಚಿರಬೇಕು. ಕತ್ತಿ, ಮಚ್ಚು, ಗಾಡಿಯ ಬೀಗದ ಕೈ ಎದುರಿಗಿರಬಾರದು. ಬಾಗಿಲಿಗೆ ಬೀಗ ಜಡಿದು ಕೀಲಿ ಬಚ್ಚಿಡುವುದೂ ತರವಲ್ಲ. ಬೆಂಕಿ ಬಿದ್ದರೆ ಒಳಗಿರುವವರ ಗತಿಯೇನು? ನಮ್ಮ ತಾಯಿಯವರು ಊರಿನಿಂದ ಎತ್ತಿನ ಕೊರಳಗಂಟೆ ತಂದು ಚಿಲಕಕ್ಕೆ ಕಟ್ಟಿದ್ದಾರೆ. ಅಂತ್ರ ಮಾಡದ ಕೆಲಸವನ್ನು ಅದು ಮಾಡುತ್ತಿದೆ.

ಹೆಣ್ಣಿನ ಕಡೆಯವರಿಗೆ ವಿಷಯವನ್ನು ಅಣ್ಣನೇ ಹೇಳಿದ. ಒಂದು ಸಂಬಂಧ ಅಲ್ಲಿಗೇ ನಿಂತಿತು. ಇನ್ನೊಂದು ಮನೆಯವರು, ರಾತ್ರಿ ಪಾಳಿ ಬಿಡಲಾಗುವುದೇ ಎಂದು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಪಾಳಿ ಬಿಟ್ಟರೆ ಕೈಗೆ ಬರುವ ಹಣ ಕಡಮೆಯಾಗುತ್ತದೆ. ಆ ಲೆಕ್ಕ ಮನೆಯಲ್ಲಿ ಇನ್ನೂ ನಡೆದಿದೆ.

ಪದೇ ಪದೇ ನಡೆಯುವವರು, ಏಟು ಮಾಡಿಕೊಂಡವರು, ದೊಡ್ಡವರಾದ ಮೇಲೆ ಹೊಸದಾಗಿ ಶುರುವಾದವರು ವೈದ್ಯರನ್ನು ಕಾಣಲೇಬೇಕು. ಮೂರ್ಛೆರೋಗದ ಒಂದು ಬಗೆಯೂ ರಾತ್ರಿ ಹೀಗೆಯೇ ತೋರಬಹುದು. ನಿಮ್ಹಾನ್ಸ್ ಎಂದರೆ ಜನ ಹಿಂಜರಿಯುತ್ತಾರೆ, 'ಹುಚ್ಚಾಸ್ಪತ್ರೆ' ಎಂಬ ಹಳೆಯ ಹೆಸರು ಬಾಯಿಂದ ಹೋಗಿಲ್ಲ. ಹಿಂದಿನ ಸರ್ಕಾರಿ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ಹುಟ್ಟಿದ ಈ ಸಂಸ್ಥೆಯಲ್ಲಿ ನರರೋಗಗಳಿಗೂ ಚಿಕಿತ್ಸೆಯುಂಟು. ಲಗ್ಗೆರೆಯಿಂದ ಮೆಜೆಸ್ಟಿಕ್ಕಿಗೆ ಬಂದು ಹೊಸೂರು ರಸ್ತೆಯ ಬಸ್ಸು ಹತ್ತಿದರಾಯಿತು. ಹೋಗುವಾಗ ಎದ್ದ ದಿನ, ಹೊತ್ತು, ಹಿಂದಿನ ದಿನ ಎಷ್ಟು ಗಂಟೆ ನಿದ್ದೆಯಾಗಿತ್ತು ಎಂಬುದನ್ನು ಬರೆದ ಚೀಟಿಯಿರಲಿ. ನೋಡಿದವರೊಬ್ಬರು ಜೊತೆಗಿರಬೇಕು, ನಡೆದವನಿಗೆ ಹೇಳಲು ಏನೂ ಇರುವುದಿಲ್ಲ.