ಮರಳಿ ಬಂದ ಮಕ್ಕಳು ಮತ್ತು ನಮ್ಮ ವಿದ್ಯಾರ್ಥಿವೇತನ



ಈ ಸಾಲಿನ ಅರ್ಜಿಗಳನ್ನು ನೋಡುವಾಗ ಸಮಿತಿಯಲ್ಲಿ ಒಂದು ಪ್ರಶ್ನೆ ಎದ್ದಿತು. ವೀಕ್ಷಣಾಲಯದಲ್ಲೋ ಜೈಲಿನಲ್ಲೋ ಇದ್ದು ಬಂದ ಹುಡುಗ ಓದು ಮುಂದುವರಿಸುತ್ತೇನೆಂದರೆ ವೇತನ ಕೊಡಬೇಕೆ? ಚೆನ್ನಾಗಿ ಓದುವ ಬಡಮಕ್ಕಳು ಇಷ್ಟು ಜನ ಇರುವಾಗ ಇವನಿಗೇಕೆ ಎಂದು ಕೇಳಿದ ದಾನಿಗಳೂ ಇದ್ದಾರೆ. ಹಣ ಕೊಟ್ಟವರು ಕೇಳಬೇಕಾದದ್ದೇ. ಹಾಗಾಗಿ ನಮಗೆ ತಿಳಿದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಮೊದಲು ವಯಸ್ಸಿನ ಮಾತು. ಘಟನೆ ನಡೆದ ದಿನ 18 ತುಂಬದವನ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಇಂಥ ಮಗುವಿಗೆ ಆ ಪ್ರಕರಣದಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಗಳನ್ನು ನಾಶಮಾಡಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು. 16 ದಾಟಿದವನನ್ನು ಘೋರ ಅಪರಾಧಕ್ಕಾಗಿ ಮಕ್ಕಳ ನ್ಯಾಯಾಲಯ ವಯಸ್ಕನಂತೆ ವಿಚಾರಿಸಿ ತಪ್ಪಿತಸ್ಥನೆಂದರೆ ಮಾತ್ರ ಈ ರಕ್ಷಣೆ ಇಲ್ಲ. ಸರ್ಕಾರವೇ ಹಳೆಯ ಕಾಗದ ಹರಿದು ಹಾಕು ಎನ್ನುವಾಗ, ನಾವು ಅದನ್ನು ಹುಡುಕಿ ತೆಗೆದು ವೇತನ ನಿಲ್ಲಿಸುವುದು ಸರಿಯೆನಿಸಲಿಲ್ಲ.

ಅದೇ ಕಾಯ್ದೆಯ 74ನೇ ಕಲಮಿನ ಪ್ರಕಾರ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ ಯಾವುದನ್ನೂ ಬಹಿರಂಗ ಮಾಡುವಂತಿಲ್ಲ. ಮಾಡಿದರೆ 6 ತಿಂಗಳವರೆಗೆ ಸಜೆ, ಇಲ್ಲವೆ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಪತ್ರಿಕೆಯವರಿಗಷ್ಟೇ ಅಲ್ಲ. ಮೊಹಲ್ಲಾದ ವಾಟ್ಸಾಪ್ ಗುಂಪಿನಲ್ಲಿ ಹುಡುಗನ ಫೋಟೋ ಹಾಕುವ ಹಿರಿಯರೂ ದಯವಿಟ್ಟು ಇದನ್ನು ಓದಬೇಕು.

18 ದಾಟಿದವರ ದಾರಿ ಬೇರೆ. ಅವರಲ್ಲಿ ಅನೇಕರು ಶಿಕ್ಷೆಯಾದವರಲ್ಲ, ವಿಚಾರಣಾಧೀನರು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಎಂದೂ ಶಿಕ್ಷೆಯಾಗದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಪ್ರಕರಣಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಪ್ರಕರಣ ಇರುವವರಿಗೆ ಇದು ಅನ್ವಯಿಸದು. ಬಂಧನದಲ್ಲಿರುವ ಯಾರಿಗೇ ಆಗಲಿ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಇದು ಗೊತ್ತಿಲ್ಲದೆ ತಾಯಂದಿರು ಕಿವಿಯ ಓಲೆ ಮಾರಿ ವಕೀಲರ ಫೀಸು ಕಟ್ಟುತ್ತಾರೆ.

ಇನ್ನು ಮನೆಗೆ ಬಂದ ಮೇಲಿನ ಮಾತು. ಕಷ್ಟ ನಿಜವಾಗಿ ಶುರುವಾಗುವುದು ಆಗ. ಶಾಲೆ ಬಿಟ್ಟು ವರ್ಷವಾಗಿರುತ್ತದೆ, ಟಿ.ಸಿ. ಇರುವುದಿಲ್ಲ, ತಮ್ಮನ ವಯಸ್ಸಿನವರ ಜೊತೆ ಕೂಡಲು ನಾಚಿಕೆ. ಹಳೆಯ ಗೆಳೆಯರು ಮಾತ್ರ ತಪ್ಪದೆ ಬಾಗಿಲಿಗೆ ಬರುತ್ತಾರೆ. ಅಕ್ಕನ ಸಂಬಂಧ ತಪ್ಪಿತೆಂದು ಮನೆಯಲ್ಲೂ ಮಾತು. ಹತ್ತನೇ ತರಗತಿಗೆ ನಾವು ಹೆಚ್ಚಾಗಿ ಎನ್‌ಐಒಎಸ್ ಮುಕ್ತ ಶಾಲೆಯ ದಾರಿ ತೋರಿಸುತ್ತೇವೆ. 14 ತುಂಬಿದ್ದರೆ ಸಾಕು, ಮೇಲಿನ ವಯಸ್ಸಿನ ಮಿತಿಯಿಲ್ಲ, 5 ವರ್ಷದೊಳಗೆ ಒಂದೊಂದೇ ವಿಷಯ ಪಾಸು ಮಾಡಿಕೊಳ್ಳಬಹುದು. ಮಕ್ಕಳ ಸಂಸ್ಥೆಯಲ್ಲೇ 18 ತುಂಬಿ ಹೊರಬಂದವರಿಗೆ 46ನೇ ಕಲಮಿನಡಿ ಹಣದ ನೆರವಿಗೆ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಕೋರ್ಟಿನ ತಾರೀಖು ಮಾತ್ರ ತಪ್ಪಿಸಬಾರದು. ಕೂಲಿ ಕೆಡುತ್ತದೆಂದು ಒಂದು ತಾರೀಖು ಬಿಟ್ಟರೆ ವಾರಂಟ್ ಹೊರಟು ಹುಡುಗ ಮತ್ತೆ ಒಳಗೆ.

ನಂದೂರ ಕೈಗಾರಿಕಾ ಪ್ರದೇಶದಲ್ಲಿ ಘಟಕ ನಡೆಸುವವರು, ಕಮಲಾಪುರದಲ್ಲಿ ಗ್ಯಾರೇಜು, ಅಂಗಡಿ ಇಟ್ಟವರು ನಮ್ಮ ದಾನಿಗಳಲ್ಲಿ ಇದ್ದೀರಿ. ತಾರೀಖಿನ ದಿನ ರಜೆ ಕೊಡುವ ಒಂದು ಕೆಲಸ, ನೀವು ಕೊಡುವ ಹಣಕ್ಕಿಂತ ದೊಡ್ಡದು. ಜಕಾತ್ ಸಲ್ಲುತ್ತದೆಯೇ ಎಂದು ಕೇಳಿದವರಿಗೆ: ಜಕಾತ್‌ನ ಎಂಟು ಬಾಬುಗಳಲ್ಲಿ ಸಾಲದಲ್ಲಿ ಸಿಕ್ಕಿಕೊಂಡವರೂ ಸೇರಿದ್ದಾರೆ. ಯಾವ ಕುಟುಂಬಕ್ಕೆ ಸಲ್ಲುತ್ತದೆಂಬುದನ್ನು ಉಲಮಾಗಳಲ್ಲಿ ಕೇಳಿಯೇ ನಿರ್ಧರಿಸುತ್ತೇವೆ.

ಒಂದು ಮಾತು ಮರೆಯುವಂತಿಲ್ಲ. ಹುಡುಗನಿಂದ ನೊಂದವರೂ ಅನೇಕ ಸಲ ಅದೇ ಓಣಿಯವರು. ಅವರ ಮಕ್ಕಳ ಅರ್ಜಿ ಬಂದರೆ ಅದನ್ನೇ ಮೊದಲು ನೋಡುವುದೆಂದು ಸಮಿತಿ ತೀರ್ಮಾನಿಸಿದೆ.

ಅರ್ಜಿ ನಮೂನೆಯಲ್ಲಿ ಓದು ನಿಂತ ವರ್ಷ ಕೇಳಿದ್ದೇವೆ, ಕಾರಣ ಕೇಳಿಲ್ಲ. ಪಾಲಕರು ಅದನ್ನು ಬರೆಯಬೇಕಾಗಿಲ್ಲ. ಹೇಳಲೇಬೇಕೆನಿಸಿದರೆ ಸಮಿತಿಯ ಒಬ್ಬರ ಹತ್ತಿರ ಬಾಯಿಮಾತಿನಲ್ಲಿ ಹೇಳಿ. ಕಾಗದದ ಮೇಲೆ ಬೇಡ.